ನೀರುಗಂಟಿಯ ಗುದ್ದಲಿ, ಊರಿನ ಸುಸ್ಥಿರತೆ

1

ನಮ್ಮ ತಾತ ನೀರುಗಂಟಿ. ಕೋಲಾರ ಸೀಮೆಯ ಒಂದು ಕೆರೆಯ ತೂಬು ಎತ್ತುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಹಾಯಿಸುವುದು, ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿ ಕಾಯುವುದು ಅವನ ಕೆಲಸ. ಸಂಬಳ ಅಂತ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ಹೋಗಿ ನಿಂತರೆ ಒಬ್ಬೊಬ್ಬರು ಒಂದಿಷ್ಟು ಭತ್ತವನ್ನೋ ರಾಗಿಯನ್ನೋ ಅವನ ಪಂಚೆಗೆ ಸುರಿಯೋರು. ಕೊಟ್ಟಷ್ಟು ತರೋದು. ಯಾಕೆ ಕಮ್ಮಿ ಅಂತ ಕೇಳೋ ಹಾಗಿಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಸುಸ್ಥಿರ ಅಭಿವೃದ್ಧಿಯಲ್ಲಿ ಶಿಕ್ಷಣ, ವಿಜ್ಞಾನ ಮತ್ತು ಸಂಸ್ಕೃತಿಯ ಪಾತ್ರ ಅನ್ನುವುದು ವಿಷಯ. ಒಬ್ಬ ವಿದ್ವಾಂಸರು ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಹೆಗಲ ಮೇಲೆ ಗುದ್ದಲಿ, ಮೈಮೇಲೆ ಅಂಗಿಯಿಲ್ಲ, ಮೊಣಕಾಲಿನವರೆಗೆ ಕೆಸರು. ಒಬ್ಬ ಮುದುಕ. 'ನಮ್ಮ ದೇಸಿ ಜಲವಿಜ್ಞಾನದ ಕೊನೆಯ ಕೊಂಡಿ' ಅಂದರು. ಸಭೆ ಚಪ್ಪಾಳೆ ತಟ್ಟಿತು. ಚಿತ್ರದ ಕೆಳಗೆ ಕೆರೆಯ ಹೆಸರಿತ್ತು, ಊರಿನ ಹೆಸರಿತ್ತು, ಮುದುಕನ ಹೆಸರಿರಲಿಲ್ಲ. ನಾನು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದೆ: 'ಆ ಅಚ್ಚುಕಟ್ಟಿನಲ್ಲಿ ಆತನಿಗೆ ಎಷ್ಟು ಗುಂಟೆ ಜಮೀನಿದೆ?' ಅದು ತಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ ಅಂದರು.

ಆ ವ್ಯಾಪ್ತಿಯ ಹೊರಗೆ ಉಳಿದದ್ದು ಏನೇನು ಅನ್ನುವುದೇ ಈ ಬರಹದ ವಿಷಯ.

2

'ಸುಸ್ಥಿರ ಅಭಿವೃದ್ಧಿ' ಅನ್ನುವ ಪರಿಕಲ್ಪನೆ ಜಗತ್ತಿನ ಬಾಯಿಗೆ ಬಿದ್ದದ್ದು 1987ರಲ್ಲಿ, ಬ್ರಂಟ್‌ಲಾಂಡ್ ಆಯೋಗದ ವರದಿಯ ಮೂಲಕ. ಇಂದಿನ ಪೀಳಿಗೆ ತನ್ನ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ ಮುಂದಿನ ಪೀಳಿಗೆಗಳ ಅಗತ್ಯಗಳಿಗೆ ಕೊರತೆ ಮಾಡಬಾರದು ಎನ್ನುವುದು ಅದರ ತಿರುಳು. 1992ರಲ್ಲಿ ರಿಯೊ ಸಮ್ಮೇಳನ ನಡೆಯಿತು. 2015ರಲ್ಲಿ ವಿಶ್ವಸಂಸ್ಥೆ 17 ಗುರಿಗಳನ್ನು ಹಾಕಿಕೊಂಡು 2030ರ ಗಡುವು ಇಟ್ಟಿತು. ಅದರ 4.7ನೇ ಗುರಿ ಪ್ರತಿ ವಿದ್ಯಾರ್ಥಿಗೂ ಸುಸ್ಥಿರ ಅಭಿವೃದ್ಧಿಯ ಶಿಕ್ಷಣ ಸಿಗಬೇಕು, ಅಭಿವೃದ್ಧಿಗೆ ಸಂಸ್ಕೃತಿ ಕೊಡುವ ಕಾಣಿಕೆಯನ್ನು ಅವರು ಮನಗಾಣಬೇಕು ಎಂದು ಹೇಳುತ್ತದೆ. ಒಳ್ಳೆಯ ಮಾತು. ಅಸಮಾನತೆ ಕಡಿಮೆ ಮಾಡುವ 10ನೇ ಗುರಿಯಲ್ಲಿ ವಯಸ್ಸು, ಲಿಂಗ, ಅಂಗವೈಕಲ್ಯ, ಜನಾಂಗ, ಹುಟ್ಟು, ಧರ್ಮ ಎಲ್ಲದರ ಪ್ರಸ್ತಾಪವೂ ಇದೆ. ಜಾತಿ ಅನ್ನುವ ಪದ ಮಾತ್ರ ಆ 17 ಗುರಿಗಳಲ್ಲಿ ಎಲ್ಲಿಯೂ ಇಲ್ಲ. 'ಇತರೆ ಸ್ಥಾನಮಾನ' ಅನ್ನುವ ಎರಡು ಪದಗಳ ಸಂದಿಯಲ್ಲಿ ನಮ್ಮ ಕೇರಿ ಕೂತುಕೊಳ್ಳಬೇಕು.

ಮುಂದಿನ ಪೀಳಿಗೆಯ ಬಗ್ಗೆ ಇಷ್ಟೊಂದು ಕಾಳಜಿ ಇರುವ ಈ ಚಿಂತನೆ ಹಿಂದಿನ ಪೀಳಿಗೆಗಳ ಬಾಕಿಯ ಬಗ್ಗೆ ಯಾಕೆ ಮಾತಾಡುವುದಿಲ್ಲ? ನಮ್ಮ ತಾತ, ಅವನ ಅಪ್ಪ, ಅವನ ಅಪ್ಪ ಊರಿನ ಗದ್ದೆಗೆ ನೀರು ಬಿಟ್ಟರು. ಆ ನೀರಿನಲ್ಲಿ ಬೆಳೆದ ಭತ್ತದಿಂದ ಯಾರದೋ ಪೀಳಿಗೆಗಳು ಉದ್ಧಾರವಾದವು. ನಮ್ಮ ಪೀಳಿಗೆಗಳಿಗೆ ಬಂದದ್ದು ಅದೇ ಗುದ್ದಲಿ. ಸಾವಿರಾರು ವರ್ಷ ಮಳೆ, ಬರ, ದಂಡು, ರಾಜ್ಯ, ಸರ್ಕಾರ ಯಾವುದಕ್ಕೂ ಅಲುಗದೆ ಪೀಳಿಗೆಯಿಂದ ಪೀಳಿಗೆಗೆ ಹಾಗೇ ದಾಟಿಬಂದದ್ದು ಈ ದೇಶದಲ್ಲಿ ಏನಾದರೂ ಇದ್ದರೆ ಅದು ಜಾತಿ. ಅದಕ್ಕಿಂತ ಸುಸ್ಥಿರವಾದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಒಂದು ವ್ಯವಸ್ಥೆ ಬಹುಕಾಲ ಬಾಳಿತು ಅಂದ ಮಾತ್ರಕ್ಕೆ ಅದನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಯಾರ ಬೆನ್ನಿನ ಮೇಲೆ ಬಾಳಿತು ಅಂತ ಮೊದಲು ಕೇಳಬೇಕಾಗುತ್ತದೆ.

3

ಸಂಸ್ಕೃತಿಯ ಮಾತು ಬಂದಾಗಲೆಲ್ಲ ನಮ್ಮ ಪರಿಸರವಾದಿ ಗೆಳೆಯರು ಕೆರೆಯ ಹಾಡುಗಳನ್ನು ನೆನೆಯುತ್ತಾರೆ. ಅವುಗಳಲ್ಲಿ ಉತ್ತರ ಕರ್ನಾಟಕದ 'ಕೆರೆಗೆ ಹಾರ'ಕ್ಕೆ ಮೊದಲ ಸ್ಥಾನ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ನೋಡಿದರೆ ಸೊಸೆಯನ್ನು ಬಲಿ ಕೊಡಬೇಕು ಅಂತ ಬರುತ್ತದೆ. ಕಿರಿಸೊಸೆ ಭಾಗೀರತಿ ಕೆರೆಗೆ ಹಾರವಾಗುತ್ತಾಳೆ. ದಂಡಿನಿಂದ ಬಂದ ಗಂಡ ಮಾದೇವರಾಯನೂ ಅದೇ ನೀರಿಗೆ ಬೀಳುತ್ತಾನೆ. ಇದನ್ನು ತ್ಯಾಗದ ಕಥೆಯೆಂದು ಪಾಠ ಮಾಡಿದವರಿದ್ದಾರೆ, ಹೆಣ್ಣಿನ ಮೇಲಿನ ಕ್ರೌರ್ಯದ ಕಥೆಯೆಂದು ಓದಿದ ಸ್ತ್ರೀವಾದಿಗಳಿದ್ದಾರೆ. ಎರಡನೆಯ ಓದು ನನ್ನದೂ ಹೌದು.

ಕೇರಿಯಲ್ಲಿ ನಿಂತು ಕೇಳಿದರೆ ಇನ್ನೊಂದು ಸಂಗತಿ ಕೇಳಿಸುತ್ತದೆ. ಆ ಹಾಡಿನಲ್ಲಿ ಕೆರೆ ತೋಡಿದವರು ಇಲ್ಲ. ಮಣ್ಣು ಅಗೆದವರು, ಕುಕ್ಕೆ ಹೊತ್ತವರು, ಏರಿ ತುಳಿದವರು ಒಬ್ಬರೂ ಇಲ್ಲ. ಗೌಡ 'ಕಟ್ಟಿಸಿದ', ಅಷ್ಟೆ. ಕನ್ನಡದ 'ಇಸು' ಪ್ರತ್ಯಯವನ್ನು ನಮ್ಮ ವ್ಯಾಕರಣದ ಮೇಷ್ಟ್ರುಗಳು ಪ್ರೇರಣಾರ್ಥಕ ಎನ್ನುತ್ತಾರೆ. ಕಟ್ಟಿಸು, ತೋಡಿಸು, ಬಳಿಸು, ಎತ್ತಿಸು. ಈ ಒಂದು ಪ್ರತ್ಯಯದೊಳಗೆ ಎಷ್ಟು ಒಡ್ಡರು, ಎಷ್ಟು ಹೊಲೆಮಾದಿಗರು ಹೂತುಹೋಗಿದ್ದಾರೋ ಲೆಕ್ಕವಿಲ್ಲ. ಶಾಸನಗಳಲ್ಲಿ ಕೆರೆ ಕಟ್ಟಿಸಿದವನ ಹೆಸರು, ವಂಶ, ಬಿರುದು, ದಾನ ಪಡೆದವನ ಗೋತ್ರ ಎಲ್ಲ ಇರುತ್ತದೆ. ಕೊನೆಗೆ ಕೆರೆ ಕೆಡಿಸಿದವನಿಗೆ ಶಾಪವೂ ಇರುತ್ತದೆ. ಕಟ್ಟಿದವರ ಹೆಸರನ್ನು ಹುಡುಕಿ ನೋಡಿ. ಇವತ್ತಿನ ಇಲಾಖೆಯ ಕನ್ನಡವೂ ಅದೇ ಜಾಡಿನದು: 'ಹೂಳೆತ್ತಿಸಲಾಯಿತು', 'ಸ್ವಚ್ಛಗೊಳಿಸಲಾಯಿತು'. ಈಗ ಮಾಡಿಸಿದವನೂ ಮಾಯ, ಮಾಡಿದವನೂ ಮಾಯ.

ಸಂಸ್ಕೃತಿ ಅಭಿವೃದ್ಧಿಗೆ ಕೊಡುವ ಕಾಣಿಕೆಯನ್ನು ಮಕ್ಕಳಿಗೆ ಕಲಿಸಬೇಕಾದರೆ ಈ ಪ್ರತ್ಯಯದಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ. ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿರುವ ಈ ರಾಜ್ಯದಲ್ಲಿ 'ಇದನ್ನು ಕಟ್ಟಿದೋರು ಯಾರು?' ಅಂತ ಪ್ರತಿ ಶಾಲೆಯ ಮಕ್ಕಳೂ ತಮ್ಮೂರಿನ ಏರಿಯ ಮೇಲೆ ನಿಂತು ಕೇಳಲಿ. ಆಗ ಸಿಗುವ ಉತ್ತರವೇ ನಿಜವಾದ ಸಂಸ್ಕೃತಿ ಪಾಠ.

4

ತಾತನಿಗೆ ಗೊತ್ತಿದ್ದದ್ದು ಏನು? ತೂಬಿನ ಕಂಬದ ಯಾವ ಕಲ್ಲಿನವರೆಗೆ ನೀರು ಬಂದರೆ ಎಷ್ಟು ಗದ್ದೆಗೆ ಎಷ್ಟು ದಿನ ಬರುತ್ತದೆ ಅಂತ ಗೊತ್ತಿತ್ತು. ಕೆರೆ ಅರ್ಧ ತುಂಬಿದ ವರ್ಷ ಯಾವ ಮಡಿಗೆ ಭತ್ತ, ಯಾವ ಮಡಿಗೆ ರಾಗಿ ಅಂತ ಗೊತ್ತಿತ್ತು. ಏಡಿ ಬಿಲ ಯಾವುದು, ಇಲಿ ಬಿಲ ಯಾವುದು, ಏರಿಯ ಹೊರಮೈಯಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಏನು, ಕೆಂಪಗಿದ್ದರೆ ಏನು ಅಂತ ಗೊತ್ತಿತ್ತು. ಕೆಂಪಗಿದ್ದರೆ ಏರಿಯ ಮಣ್ಣೇ ಕೊಚ್ಚಿ ಬರುತ್ತಿದೆ, ಕೂಡಲೇ ಊರನ್ನು ಎಬ್ಬಿಸಬೇಕು. ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುವ ಹಾದಿ ಅವನಿಗೆ ಅಂಗೈಗೆರೆಯಷ್ಟು ಪರಿಚಿತ. ಕೋಲಾರದ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಸೇರುವ ಸರಪಳಿಗಳು. ಅವನಿಗೆ ಆ ಸರಪಳಿಯ ಭೂಗೋಳವೇ ಗೊತ್ತಿತ್ತು. ಇದು ನೋಡಿ, ಅಳೆದು, ತಪ್ಪು ತಿದ್ದಿಕೊಂಡು ಗಳಿಸಿದ ತಿಳಿವಳಿಕೆ. ಇದು ವಿಜ್ಞಾನವಲ್ಲದೆ ಮತ್ತೇನು?

ಆದರೆ ಊರು ಇದನ್ನು ಒಂದು ದಿನವೂ ವಿದ್ಯೆ ಎಂದು ಕರೆಯಲಿಲ್ಲ, ಚಾಕರಿ ಎಂದಿತು. ಪಂಚಾಂಗ ನೋಡಿ ಮಳೆ ನಕ್ಷತ್ರ ಹೇಳುವವನಿಗೆ ಜಗಲಿಯ ಮೇಲೆ ಮಣೆ ಹಾಕುತ್ತಿದ್ದರು. ಕೆರೆ ನೋಡಿ ಬೆಳೆ ಹೇಳುವವನು ಅಂಗಳದಲ್ಲೇ ನಿಂತು ಹೇಳಬೇಕಿತ್ತು.

ಡಿ.ಆರ್. ನಾಗರಾಜ್ 'ದಿ ಫ್ಲೇಮಿಂಗ್ ಫೀಟ್' (1993) ಕಾಲದಿಂದ ಕೊನೆಯವರೆಗೂ ದಲಿತ ಚಳವಳಿಯ ಮುಂದೆ ಒಂದು ಕಷ್ಟದ ಪ್ರಶ್ನೆ ಇಟ್ಟಿದ್ದರು. ಅವಮಾನದ ಗತವನ್ನು ತಿರಸ್ಕರಿಸುವ ಭರದಲ್ಲಿ ನಮ್ಮ ಸಮುದಾಯಗಳ ನೆನಪು, ದೈವ, ಕುಶಲತೆ ಎಲ್ಲವನ್ನೂ ಕಳೆದುಕೊಂಡರೆ ನಾವು ಬಡವರಾಗುವುದಿಲ್ಲವೇ ಎಂಬ ಪ್ರಶ್ನೆ ಅದು. ಕೆಳಜಾತಿಗಳ ತಂತ್ರಜ್ಞಾನವನ್ನು ಆಧುನಿಕತೆ ಕೊಂದಿತು ಎಂಬ ಅವರ ಮಾತನ್ನು ನಾನು ತುಂಬಾ ಗೌರವದಿಂದ ಓದಿದ್ದೇನೆ. ಅದು ಅರ್ಧ ನಿಜ ಅನ್ನಿಸುತ್ತದೆ. ಆಧುನಿಕತೆ ಬಂದು ಕೊಲ್ಲುವ ಮೊದಲೇ ಊರು ಆ ತಿಳಿವಳಿಕೆಯ ಕತ್ತು ಹಿಸುಕಿಟ್ಟಿತ್ತು. ಅಕ್ಷರ ಕೊಡದೆ, ಬರೆದಿಡಲು ಬಿಡದೆ, ಬೇರೆಯವರಿಗೆ ಕಲಿಸುವ ಗುರುವಿನ ಸ್ಥಾನ ಕೊಡದೆ, ಅಪ್ಪನಿಂದ ಮಗನಿಗೆ ಮಾತ್ರ ದಾಟುವ ಶಿಕ್ಷೆಯಾಗಿ ಅದನ್ನು ಇರಿಸಿತ್ತು. ಜಾತಿ ಎನ್ನುವುದು ದುಡಿಮೆಯ ವಿಭಜನೆಯಲ್ಲ, ದುಡಿಯುವವರನ್ನೇ ಮೇಲುಕೀಳಾಗಿ ಒಡೆದಿಟ್ಟಿರುವ ಕ್ರಮ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ದುಡಿಯುವವರು ಹೀಗೆ ಒಡೆದಾಗ ಅವರ ತಿಳಿವಳಿಕೆಯೂ ಒಡೆಯುತ್ತದೆ. ಕೆರೆ ಕುರಿತ ಜ್ಞಾನ ಕೇರಿಯಲ್ಲಿ, ಬರೆಯುವ ಹಕ್ಕು ಅಗ್ರಹಾರದಲ್ಲಿ, ಜಮೀನು ಗೌಡರ ಓಣಿಯಲ್ಲಿ. ಈ ಮೂರೂ ಒಂದೆಡೆ ಸೇರದ ಊರಿನಲ್ಲಿ ವಿಜ್ಞಾನ ಬೆಳೆಯುವುದು ಹೇಗೆ?

ಕಾರಂತರ 'ಚೋಮನ ದುಡಿ' (1933) ಹೇಳುವುದೂ ಇದನ್ನೇ. ಚೋಮನಿಗೆ ಉಳುಮೆಯ ಆಸೆ ಇದೆ, ಎತ್ತು ಇದೆ, ತೋಳಿನಲ್ಲಿ ಬಲ ಇದೆ. ನೆಲ ಮಾತ್ರ ಇಲ್ಲ. ಹೊಲೆಯ ಬೇಸಾಯಗಾರನಾಗಕೂಡದು ಅನ್ನುವುದು ಊರಿನ ಕಟ್ಟಳೆ. ನಮ್ಮ ವಿಮರ್ಶಕರು ಅದನ್ನು ಕರುಣೆಯ ಕಾದಂಬರಿಯಾಗಿ ಓದಿದ್ದೇ ಹೆಚ್ಚು. ನಾನು ಅದನ್ನು ವ್ಯರ್ಥವಾದ ಸಾಮರ್ಥ್ಯದ ದಾಖಲೆಯಾಗಿ ಓದುತ್ತೇನೆ. ಒಂದು ನಾಡು ತನ್ನ ಒಬ್ಬ ಒಳ್ಳೆಯ ಬೇಸಾಯಗಾರನನ್ನು ದುಡಿ ಬಾರಿಸಿ ಸಾಯುವಂತೆ ಮಾಡಿತು. ಇಂಥ ಎಷ್ಟು ಚೋಮರ ನಷ್ಟವನ್ನು ಯಾವ ಅಭಿವೃದ್ಧಿಯ ಸೂಚ್ಯಂಕ ಲೆಕ್ಕ ಹಾಕಿದೆ?

5

ತಾತನ ಕೈ ಮುಟ್ಟಿದ ನೀರು ಊರಿನ ಎಲ್ಲ ಗದ್ದೆಗೂ ಹರಿಯುತ್ತಿತ್ತು. ಆ ಅಕ್ಕಿ ದೇವರ ನೈವೇದ್ಯಕ್ಕೂ ಆಗುತ್ತಿತ್ತು. ಅದೇ ಕೈ ಊರಿನ ಸೇದುವ ಬಾವಿಯ ಹಗ್ಗ ಮುಟ್ಟಿದರೆ ಮೈಲಿಗೆ. ನಾನು ಹೈಸ್ಕೂಲಿನಲ್ಲಿ ಜಲಚಕ್ರ ಓದಿದ ದಿನ ಮನೆಗೆ ಬಂದು ದೊಡ್ಡ ವಿಜ್ಞಾನಿಯ ಥರ ಹೇಳಿದೆ: 'ತಾತ, ನೀರಿಗೆ ಜಾತಿ ಇಲ್ಲ.' ತಾತ ಬೀಡಿ ಹಚ್ಚುತ್ತ ಅಂದ: 'ನೀರಿಗೆ ಇಲ್ಲ ಕಣಪ್ಪ. ತೂಬಿಗೆ ಐತೆ.'

1927ರ ಮಾರ್ಚ್ 20ರಂದು ಮಹಾಡಿನಲ್ಲಿ ಅಂಬೇಡ್ಕರ್ ಮತ್ತು ಅವರ ಜನ ಚೌದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು ಪಂಚಗವ್ಯದಿಂದ ಆ ಕೆರೆಯನ್ನು 'ಶುದ್ಧಿ' ಮಾಡಿದರು. 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ಒಬ್ಬ ದಲಿತ ಹೆಂಗಸು ಬೀದಿಯ ತೊಂಬೆಯಿಂದ ನೀರು ಕುಡಿದಳು. ನೀರನ್ನು ಖಾಲಿ ಮಾಡಿ ತೊಂಬೆಯನ್ನು ಗೋಮೂತ್ರದಿಂದ ತೊಳೆದರು. ನಡುವೆ 95 ವರ್ಷ. ಆ ತೊಂಬೆಗೆ ನೀರು ಬರುವುದು ವಿದ್ಯುತ್ ಪಂಪಿನಿಂದ. ಅದನ್ನು ತೊಳೆದವರ ಜೇಬಿನಲ್ಲಿ ಮೊಬೈಲ್ ಇದ್ದಿರಲೇಬೇಕು. ವಿಜ್ಞಾನದ ಸರಕು ಊರಿಗೆ ಬಂದಿದೆ, ವಿಜ್ಞಾನ ಬಂದಿಲ್ಲ.

ನಮ್ಮ ವೈಚಾರಿಕ ಚಳವಳಿ ಇದಕ್ಕೆ ಉತ್ತರ ಕೊಡಬೇಕು. ಹಳೆಯ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು. ಸಂವಿಧಾನದ 51ಎ ವಿಧಿಗೆ ವೈಜ್ಞಾನಿಕ ಮನೋಭಾವದ ಕರ್ತವ್ಯ ಸೇರಿದ್ದೂ ಅದೇ ವರ್ಷದ ತಿದ್ದುಪಡಿಯಿಂದ. ಎಚ್ಚೆನ್ ಅವರ ಧೈರ್ಯದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ನಂತರದ ನಮ್ಮ ವಿಚಾರವಾದ ಗಾಳಿಯಲ್ಲಿ ಬೂದಿ ಸೃಷ್ಟಿಸುವವನ ಬೆನ್ನು ಹತ್ತಿದಷ್ಟು, ಮುಟ್ಟಿದ ಕೂಡಲೇ ನೀರನ್ನು ಮೈಲಿಗೆ ಮಾಡುವ ಪವಾಡದ ಬೆನ್ನು ಹತ್ತಲಿಲ್ಲ. ಅಸ್ಪೃಶ್ಯತೆಯನ್ನು ಸಮಾಜಶಾಸ್ತ್ರದ ಪುಸ್ತಕಕ್ಕೆ ಬಿಟ್ಟು ವಿಜ್ಞಾನದ ಪುಸ್ತಕವನ್ನು ಮಡಿಯಾಗಿ ಇಟ್ಟುಕೊಂಡಿದ್ದೇವೆ. ಜಲಚಕ್ರದ ಚಿತ್ರದಲ್ಲಿ ಮೋಡ ಇದೆ, ಬೆಟ್ಟ ಇದೆ, ಸಮುದ್ರ ಇದೆ. ನಲ್ಲಿಯ ಮುಂದಿನ ಎರಡು ಸಾಲು ಇಲ್ಲ.

ಅಂಬೇಡ್ಕರ್ ಹೀಗೆ ಮಡಿಯಾಗಿ ಬೇರ್ಪಡಿಸಲಿಲ್ಲ ಅನ್ನುವುದನ್ನು ನೆನೆಯಬೇಕು. ಮಹಾಡಿನ ಅದೇ ಮನುಷ್ಯ 1942ರಿಂದ 46ರವರೆಗೆ ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿ ನೀರಾವರಿ, ವಿದ್ಯುತ್ತಿನ ಹೊಣೆ ಹೊತ್ತರು. ದಾಮೋದರ ಕಣಿವೆಯ ವಿವಿಧೋದ್ದೇಶ ಯೋಜನೆಗೆ ರೂಪ ಕೊಡುವುದರಲ್ಲಿ, 1945ರಲ್ಲಿ ಕೇಂದ್ರದ ಜಲಮಾರ್ಗ ಮತ್ತು ನೀರಾವರಿ ಆಯೋಗ ಹುಟ್ಟುವುದರಲ್ಲಿ ಅವರ ಪಾತ್ರವಿದೆ. ಒಂದು ಕೆರೆಯ ನೀರು ಕುಡಿಯುವ ಹಕ್ಕು ಮತ್ತು ಒಂದು ನದಿ ಕಣಿವೆಯ ಯೋಜನೆ ಅವರಿಗೆ ಬೇರೆ ಬೇರೆ ವಿಷಯಗಳಾಗಿರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಕೊಂಡಾಡುವವರನ್ನು ಅವರು ಕಟುವಾಗಿ ಟೀಕಿಸಿದ್ದೂ ಇದೇ ತಿಳಿವಿನಿಂದ. ಇಂದಿನ 'ಸಮುದಾಯ ಆಧಾರಿತ' ಯೋಜನೆಗಳವರು ಆ ಭಾಷಣವನ್ನು ಒಮ್ಮೆ ಓದಬೇಕು. ಊರು ಎನ್ನುವ ಏಕ ಸಮುದಾಯ ಅವರ ಕಡತದಲ್ಲಿದೆ, ನೆಲದ ಮೇಲಿಲ್ಲ. ನಮ್ಮೂರ ಕೆರೆಗೂ ಒಮ್ಮೆ ಸಂಘ ಆಯಿತು, ಹೂಳೆತ್ತಿದರು. ಹೂಳು ಒಳ್ಳೆ ಗೊಬ್ಬರ, ಟ್ರಾಕ್ಟರಿನಲ್ಲಿ ಹೊಲಗಳಿಗೆ ಹೋಯಿತು. ಹೊಲ ಇದ್ದವರ ಹೊಲಕ್ಕೆ. ನಮ್ಮ ಕೇರಿಯವರಿಗೆ ಸಿಕ್ಕಿದ್ದು ತುಂಬುವ ಕೂಲಿ.

6

ಕೇರಿಗೂ ಕೆರೆಗೂ ಹೊರಗಿನಿಂದ ಬಂದ ವಿಜ್ಞಾನದ ಎರಡು ಪ್ರಸಂಗಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ನೀಲಗಿರಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಹೊಲಗಳಿಗೆ ನೀಲಗಿರಿ ನುಗ್ಗಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ಅದರ ಸಸಿಗಳನ್ನು ಕಿತ್ತರು. ಅಂತರ್ಜಲ ಬತ್ತುತ್ತದೆ ಅನ್ನುವ ವಾದ ಎಲ್ಲರಿಗೂ ಗೊತ್ತು, 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆದರೆ ಆ ಚರ್ಚೆಯಲ್ಲಿ ನಮ್ಮ ಅಮ್ಮಂದಿರ ಮಾತು ಹೆಚ್ಚು ಕೇಳಲಿಲ್ಲ. ರಾಗಿ ಹೊಲಕ್ಕೆ ಕಳೆ ಕೀಳೋರು ಬೇಕು, ಕೊಯ್ಯೋರು ಬೇಕು, ಬಡಿಯೋರು ಬೇಕು. ನೀಲಗಿರಿಗೆ ಯಾರೂ ಬೇಡ. ನೆಟ್ಟು ಬೀಗ ಹಾಕಿ ಬೆಂಗಳೂರಿಗೆ ಹೋದರೆ ಆಯಿತು. ಹೊಲದವನು ಕೂಲಿಯವರ ಹಂಗಿನಿಂದ ಪಾರಾದ, ನಮ್ಮವರು ಕೂಲಿಯಿಂದಲೇ ಪಾರಾದರು. ಕಣದಲ್ಲಿ ಸಿಗುತ್ತಿದ್ದ ರಾಗಿಯೂ ಹೋಯಿತು, ಮುದ್ದೆಗೆ ದುಡ್ಡು ಕೊಟ್ಟು ಕೊಳ್ಳುವ ಕಾಲ ಬಂತು. ಒಂದು ಮರ ಎಷ್ಟು ನೀರು ಕುಡಿಯುತ್ತದೆ ಅಂತ ಅಳೆದವರು ಎಷ್ಟು ಕೂಲಿ ಕುಡಿಯಿತು ಅಂತಲೂ ಅಳೆಯಬೇಕಿತ್ತು.

ಎರಡನೆಯದು ಕೆ.ಸಿ. ವ್ಯಾಲಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ 126 ಕೆರೆ ತುಂಬಿಸುವ ಯೋಜನೆ ಇದು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜಿಲ್ಲೆಯ ಹೋರಾಟಗಾರರು ಕೇಳುತ್ತ ಬಂದಿದ್ದಾರೆ, ಅದು ನ್ಯಾಯ. ಬತ್ತಿದ ಕೆರೆಯಲ್ಲಿ ನೀರು ಕಂಡಾಗ ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ಈ ಕೊಳವೆಯ ಎರಡು ತುದಿಗಳನ್ನು ನೋಡಿ. ಬೆಂಗಳೂರಿನ ತುದಿಯಲ್ಲಿ ಒಳಚರಂಡಿ ಕಟ್ಟಿಕೊಂಡರೆ ಬಿಡಿಸಲು ಬರುವವರು ಯಾರು? 2017ರ ಮಾರ್ಚಿನಲ್ಲಿ ಸಿ.ವಿ. ರಾಮನ್ ನಗರದ ಬಳಿ ಮ್ಯಾನ್‌ಹೋಲಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಮಲ ಹೊರುವುದನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು, 2013ರಲ್ಲಿ ಇನ್ನೂ ಬಿಗಿಯಾಗಿತ್ತು. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿದೆ ಅಂದರೆ ಸಾವು ನಿಂತಿಲ್ಲ ಅಂತಲೇ ಅರ್ಥ. ಕೊಳವೆಯ ಆ ತುದಿಯಲ್ಲಿ ಗುಂಡಿಗೆ ಇಳಿಯುವವನು ನಮ್ಮವನು. ಈ ತುದಿಯಲ್ಲಿ ತೂಬಿಗೆ ಇಳಿಯುತ್ತಿದ್ದವನೂ ನಮ್ಮವನು. ನಗರದ ನೀರು ಶುದ್ಧವಾಗಿ ಮರುಬಳಕೆಗೆ ಬರುತ್ತದೆ. ಇಳಿಯುವ ಜಾತಿ ಶುದ್ಧೀಕರಣದ ಯಾವ ಹಂತದಲ್ಲೂ ಬದಲಾಗುವುದಿಲ್ಲ. ಚಂದ್ರನ ಮೇಲೆ 2023ರಲ್ಲಿ ಯಂತ್ರ ಇಳಿಸಿದ ನಗರಕ್ಕೆ ಮೋರಿಗೆ ಯಂತ್ರ ಇಳಿಸುವುದು ಕಷ್ಟವೇ? ಇದು ತಂತ್ರಜ್ಞಾನದ ಕೊರತೆ ಅಂತ ಯಾರೂ ನನಗೆ ಹೇಳಬೇಡಿ. ಅಗ್ಗಕ್ಕೆ ಸಿಗುವ ಜಾತಿ ಇರುವವರೆಗೆ ಯಂತ್ರಕ್ಕೆ ತುರ್ತು ಬರುವುದಿಲ್ಲ.

7

ಇನ್ನು ಶಿಕ್ಷಣ. ನಮ್ಮ ಅಪ್ಪನನ್ನು ಶಾಲೆಗೆ ಸೇರಿಸಿದ ದಿನವೇ ತಾತ ಹೇಳಿದನಂತೆ: 'ಈ ಗುದ್ದಲಿ ನನ್ನ ಕೈಗೇ ಕೊನೆಯಾಗ್ಲಿ. ನೀನು ಏರಿ ಕಡೆ ಬರ್ಬ್ಯಾಡ.' ಅಪ್ಪ ಎಸ್ಸೆಸ್ಸೆಲ್ಸಿ ಮುಗಿಸಿ ವಿದ್ಯುತ್ ಲೈನ್‌ಮನ್ ಆದ. ಊರ ಗೌಡರ ಬೋರ್‌ವೆಲ್ಲುಗಳಿಗೆಲ್ಲ ತಂತಿ ಎಳೆದವನು ಅವನೇ. ಬೋರ್‌ವೆಲ್ಲು ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ರಾಜಕಾಲುವೆ ಒತ್ತುವರಿ ಆಯಿತು, ತೂಬಿನಲ್ಲಿ ಹುಲ್ಲು ಬೆಳೆಯಿತು. ನೀರುಗಂಟಿಯ ಮಗ ಹಾಕಿದ ಕರೆಂಟಿನಿಂದ ನೀರುಗಂಟಿಯ ಕೆರೆ ಸತ್ತಿತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಆ ಕಂಬ ಹತ್ತಿದ್ದರಿಂದಲೇ ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಪರಿಸರದ ಗೆಳೆಯರಿಗೆ ಅಲ್ಲಿ ಒಂದು ಪರಂಪರೆ ತುಂಡಾದದ್ದು ಕಾಣುತ್ತದೆ. ನನಗೆ ಒಂದು ಸರಪಳಿ ತುಂಡಾದದ್ದು ಕಾಣುತ್ತದೆ. ತಮಟೆಯ ವಿಷಯದಲ್ಲೂ ನಮ್ಮಲ್ಲಿ ಇದೇ ವಾಗ್ವಾದ ನಡೆದಿತ್ತು. ಸಾವಿಗೂ ಜಾತ್ರೆಗೂ ಬಿಟ್ಟಿ ಬಡಿಯುವ ತಮಟೆಯನ್ನು ಬಿಸಾಕಿ ಅಂತ ಚಳವಳಿಯ ದಿನಗಳಲ್ಲಿ ಅಂದೆವು. ಅದನ್ನೇ ಹೋರಾಟದ ಮೆರವಣಿಗೆಯಲ್ಲಿ ಎದೆಗೆ ಕಟ್ಟಿಕೊಂಡೆವು. ಚಿಂತಾಮಣಿ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಬಿಟ್ಟಿ ಚಾಕರಿ ಹೋಗಿ ಕಲೆ ಉಳಿಯಬೇಕು ಅನ್ನುವುದನ್ನು ತಮಟೆ ನಮಗೆ ಕಲಿಸಿದೆ. ಕೆರೆಯ ವಿಷಯದಲ್ಲಿ ನಾವು ಅದನ್ನಿನ್ನೂ ಕಲಿತಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ಕಾಲೇಜಿಗೆ ಹೋಗುವಾಗ ತಾತ ಬದುಕಿದ್ದ. ಹಾಸ್ಟೆಲ್ಲಿನಲ್ಲಿ ನಾನು ಕ್ರಾಂತಿಯ ಪುಸ್ತಕಗಳನ್ನು ಓದುತ್ತಿದ್ದೆ. ಊರಿಗೆ ಹೋದಾಗ ಅವನ ಗುದ್ದಲಿ ನೋಡಿದರೆ ನಾಚಿಕೆಯಾಗುತ್ತಿತ್ತು. ಯಾವ ಕಲ್ಲಿಗೆ ನೀರು ಬಂದರೆ ಎಷ್ಟು ದಿನ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರೆ ಏನಾಗುತ್ತಿತ್ತು? ಅಕ್ಷರ ಬಂದದ್ದು ನಮ್ಮ ಮನೆಯಲ್ಲಿ ಅಪ್ಪನಿಗೆ ಮತ್ತು ನನಗೆ. ನಾವಿಬ್ಬರೂ ಅದನ್ನು ತಾತನಿಂದ ದೂರ ಓಡಲು ಬಳಸಿದೆವು. ಶಾಲೆ ನಮಗೆ ಕಲಿಸಿದ್ದೇ ಹಾಗೆ. ಅಲ್ಲಿ ವಿಜ್ಞಾನ ಅಂದರೆ ನ್ಯೂಟನ್, ಕೆರೆ ಅಂದರೆ ಪ್ರಬಂಧದ ವಿಷಯ, ನೀರುಗಂಟಿ ಅಂದರೆ ಬೈಗುಳ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಯವರು ರಾತ್ರಿಯಿಡೀ ಒಲೆ ಸುತ್ತ ಕೂತು ಕದ್ದ ಕಡಲೇಕಾಯಿ ತಿಂದು ಮುಗಿಸುತ್ತಾರೆ, ಪೊಲೀಸರು ಬಂದು ಮನೆ ಜಾಲಾಡುತ್ತಾರೆ. ಅದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲಿದೆ. ಕಳ್ಳತನ ಹುಡುಕಲು ಬಂದವರಿಗೆ ನವಿಲು ಕಂಡರೂ ಅದು ಸಾಕ್ಷಿಯಲ್ಲ. ನಮ್ಮ ಶಾಲೆಗಳ ಕಣ್ಣೂ ಪೊಲೀಸರ ಕಣ್ಣಿನ ಹಾಗೇ ಆಗಿದೆ. ಕೇರಿಯ ಮಗುವಿನಲ್ಲಿ ಏನಿಲ್ಲ ಅಂತ ಹುಡುಕುತ್ತದೆ, ಗೋಡೆಯ ಮೇಲೆ ಏನಿದೆ ಅಂತ ನೋಡುವುದಿಲ್ಲ.

8

ಹಾಗಾದರೆ ಏನು ಮಾಡಬೇಕು ಅಂತ ಕಾರ್ಯಕರ್ತ ಗೆಳೆಯರು ಕೇಳುತ್ತಾರೆ. ವಿಮರ್ಶೆ ಅದಕ್ಕೂ ಉತ್ತರ ಕೊಡಬೇಕು.

ಮೊದಲು ಭೂಮಿಯ ಮಾತು. ಗ್ರಾಮಾಧಿಕಾರ ರದ್ದತಿಯ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ತೋಟಿ, ತಳವಾರ, ನೀರುಗಂಟಿಕೆಗಳ ವಂಶಪಾರಂಪರ್ಯವನ್ನು ಮುಗಿಸಿತು. ಇನಾಮು ಜಮೀನು ಮರುಮಂಜೂರಾಗಬೇಕಿತ್ತು. ನಮ್ಮ ತಾತನ ಮೂವತ್ತು ಗುಂಟೆ ಮಂಜೂರಾದ ಮೇಲೆ ಒಂದು ಸಾಲದ ಬಾಬ್ತಿನಲ್ಲಿ ಹೋಯಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆಯಲ್ಲ ಅಂತ ನೀವು ಕೇಳಬಹುದು. ಮಂಜೂರಾದ ಜಮೀನು ಯಾವುದು ಅನ್ನುವ ಅದರ ವ್ಯಾಖ್ಯೆಯನ್ನು ಓದಿ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ ಇನಾಮನ್ನು ಅದು ಹೊರಗಿಟ್ಟಿದೆ. 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ಮೊಕದ್ದಮೆಗೆ ಕಾಲಮಿತಿ ಇಲ್ಲವೆಂದರು, ಒಳ್ಳೆಯದಾಯಿತು. ಆದರೆ ಈ ವ್ಯಾಖ್ಯೆಯ ಬೇಲಿಯ ಆಚೆ ನೀರುಗಂಟಿ, ತೋಟಿಗಳ ಮೊಮ್ಮಕ್ಕಳು ನಿಂತಿದ್ದಾರೆ. ಕೆರೆಯನ್ನು ಕಾದ ಕೈಗೆ ಕೊಟ್ಟ ತುಣುಕು ನೆಲ ಕೈತಪ್ಪಿದರೆ ಅದನ್ನು ಮರಳಿ ಕೊಡಿಸಲು ಈ ಕಾಯ್ದೆ ಬರುವುದಿಲ್ಲ. ಸುಸ್ಥಿರತೆಯ ಹೋರಾಟಗಾರರು ಈ ಒಂದು ವಾಕ್ಯವನ್ನು ತಿದ್ದಿಸಲು ದನಿಗೂಡಿಸಲಿ. ದೇಸಿ ಜ್ಞಾನಕ್ಕೆ ಅವರು ಸಲ್ಲಿಸಬಹುದಾದ ದೊಡ್ಡ ಗೌರವ ಅದು.

ಎರಡನೆಯದು, ನೀರುಗಂಟಿಕೆ ಜಾತಿಯಿಂದ ಬಿಡುಗಡೆಯಾಗಿ ಉದ್ಯೋಗವಾಗಲಿ. ಅದಕ್ಕೆ ಪಠ್ಯ ಇರಲಿ, ತರಬೇತಿ ಇರಲಿ, ಪಂಚಾಯಿತಿಯ ಸಂಬಳ ಇರಲಿ, ಪಿಂಚಣಿ ಇರಲಿ. ಗೌಡರ ಮಗನೂ ಭಟ್ಟರ ಮಗಳೂ ಅರ್ಜಿ ಹಾಕುವಂತಿರಲಿ. ಉಳಿದಿರುವ ಹಳೆಯ ನೀರುಗಂಟಿಗಳು ಅವರಿಗೆ ಮೇಷ್ಟ್ರಾಗಲಿ, ಖುರ್ಚಿಯ ಮೇಲೆ ಕೂತು ಪಾಠ ಹೇಳಲಿ. ಆ ಮುದುಕ ತರಗತಿಗೆ ಬಂದಾಗ ಮಕ್ಕಳು ಎದ್ದು ನಿಲ್ಲಬೇಕು. ಮೂರನೆಯದು ಅದರ ಇನ್ನೊಂದು ಮುಖ: ಮೋರಿಗೆ ಇಳಿಯುವ ಕೆಲಸ ಯಾವ ಸಂಬಳಕ್ಕೂ ಯಾವ ಮನುಷ್ಯನಿಗೂ ಉಳಿಯಬಾರದು. ಕೆಲವು ತಿಳಿವಳಿಕೆ ಜಾತಿಯಿಂದ ಬಿಡಿಸಿ ಉಳಿಸಿಕೊಳ್ಳಬೇಕಾದದ್ದು, ಕೆಲವು ಕೆಲಸ ಬೇರುಸಹಿತ ಕಿತ್ತೊಗೆಯಬೇಕಾದದ್ದು. ಈ ವಿವೇಕವೇ ದಲಿತ ವಿಮರ್ಶೆ ಸುಸ್ಥಿರ ಅಭಿವೃದ್ಧಿಯ ಚರ್ಚೆಗೆ ಕೊಡಬಲ್ಲದ್ದು ಎಂದು ನಾನು ತಿಳಿದಿದ್ದೇನೆ. ಎಲ್ಲವನ್ನೂ ಉಳಿಸಿ ಎನ್ನುವವರಿಗೂ, ಎಲ್ಲವನ್ನೂ ಸುಡಿ ಎನ್ನುತ್ತಿದ್ದ ನನ್ನ ಹಾಸ್ಟೆಲ್ ದಿನಗಳಿಗೂ ಈ ಉತ್ತರ.

ಯಾವುದೇ ಅಭಿವೃದ್ಧಿ ನಮ್ಮೂರಿಗೆ ಬಂದಾಗ ನಾನು ಕೇಳುವುದು ಇಷ್ಟೇ. ಇದರಿಂದ ಕೇರಿಯ ಮಗುವಿಗೆ ತನ್ನ ಅಪ್ಪನ ಕೆಲಸವನ್ನು ಬಿಡುವ ಸ್ವಾತಂತ್ರ್ಯ ಬರುತ್ತದೆಯೇ? ಇಷ್ಟಪಟ್ಟರೆ ಅವಮಾನವಿಲ್ಲದೆ ಅದನ್ನೇ ಮಾಡುವ ಸ್ವಾತಂತ್ರ್ಯವೂ ಬರುತ್ತದೆಯೇ? ಎರಡಕ್ಕೂ ಹೌದು ಅಂದರೆ ಮಾತ್ರ ಅದು ಬಾಳಲಿ.

ತಾತನ ಗುದ್ದಲಿ ಈಗ ನನ್ನ ಮನೆಯಲ್ಲಿದೆ, ಕಾವು ಹೊಸದು ಹಾಕಿಸಿದ್ದೇನೆ. ಹೋದ ಮಳೆಗಾಲದಲ್ಲಿ ಮಗಳನ್ನು ಕರೆದುಕೊಂಡು ಏರಿಯ ಮೇಲೆ ಹೋಗಿದ್ದೆ. ಅವಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ತೂಬಿನ ಕಂಬದ ಕಲ್ಲುಗಳನ್ನು ಎಣಿಸಿ, 'ಯಾವ ಕಲ್ಲಿಗೆ ಎಷ್ಟು ನೀರಪ್ಪಾ?' ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳು ಚೀಲದಿಂದ ಪುಸ್ತಕ ತೆಗೆದು ಅಳೆಯಲು ಶುರು ಮಾಡಿದಳು.